ಭಾನುವಾರ ತೆರೆಯಬೇಕಿದ್ದ ಡಬ್ಬ

ಒಂದೇ ವಾರದಲ್ಲಿ ನಮ್ಮ ಮನೆಯನ್ನು ಶಾಂತಿಯ ಬೀಡು ಮಾಡುತ್ತೇನೆ ಎಂದು ನಾನು ಘೋಷಣೆ ಮಾಡಿದ್ದು ಭಾನುವಾರ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಹೆಡ್‌ಮೇಷ್ಟ್ರ ಹೆಂಡತಿ ನಮ್ಮ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಅವರ ಒಂದು ಕೈಯಲ್ಲಿ ಅವರ ಗಂಡನ ಪ್ಯಾಂಟು ಇತ್ತು. ಇನ್ನೊಂದು ಕೈಯಲ್ಲಿ ನನ್ನ ಸಂಸಾರ ಇತ್ತು!

ನಮ್ಮ ಯಜಮಾನರು ಇದ್ದ ಕೊನೆಯ ಪೂರ್ತಿ ದಿನ ಅದು. ಆಗ ನಮಗೆ ಅದು ಬರೀ ಶನಿವಾರ.

ಮೊದಲಿಂದ ಹೇಳುತ್ತೇನೆ. ಯಜಮಾನರು ಟೈಲರ್. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಕತ್ತರಿಸುವುದು, ಹೊಲಿಯುವುದು ಅವರದು. ಗುಂಡಿ, ಕಾಜ, ಇಸ್ತ್ರಿ ನನ್ನದು. ಮಾತೂ ನನ್ನದೇ. ಗಿರಾಕಿ ಬಟ್ಟೆ ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಇವರು ಒಂದು ಸುತ್ತು ಬರುತ್ತಿದ್ದರು. ತಪ್ಪಿದ ಕಡೆ ಗುಂಡುಸೂಜಿ ಚುಚ್ಚಿ, "ಇಲ್ಲಿ ಅರ್ಧ ಇಂಚು" ಎನ್ನುತ್ತಿದ್ದರು. ಆಮೇಲೆ ಸ್ವಲ್ಪ ಹಿಂದೆ ಸರಿದು, "ಉಳಿದದ್ದೆಲ್ಲ ಸರಿ ಇದೆ" ಎನ್ನುತ್ತಿದ್ದರು. ಅವರ ಬಾಯಿಂದ ಬರುವ ಹೊಗಳಿಕೆಯ ತುತ್ತತುದಿ ಅದು. ಊರಿನ ಪ್ಯಾಂಟುಗಳಿಗೆಲ್ಲ ಸಿಕ್ಕಿದ್ದ ಆ ಮಾತು ಮೂವತ್ತು ವರ್ಷದಲ್ಲಿ ನನಗೆ ಒಂದು ಸಲವೂ ಸಿಕ್ಕಿರಲಿಲ್ಲ.

ನಮ್ಮ ಮಗಳು ಆಸ್ಪತ್ರೆಯಲ್ಲಿ ಹೆಸರು ಬರೆದುಕೊಳ್ಳುವ ಕೆಲಸದಲ್ಲಿದ್ದಾಳೆ. ಆ ಭಾನುವಾರ ಅಲ್ಲಿ ಒಬ್ಬರು ಡಾಕ್ಟರಮ್ಮ ಮನಸ್ಸಿನ ಬಗ್ಗೆ ಮಾತಾಡುತ್ತಾರೆ ಎಂದು ನನ್ನನ್ನೂ ಕರೆದುಕೊಂಡು ಹೋದಳು. ಡಾಕ್ಟರಮ್ಮ ತುಂಬ ಮೆತ್ತಗೆ ಮಾತಾಡಿದರು. ಮನೆಯವರ ಮೇಲೆ ಬೇಜಾರಾದರೆ ಕೂಗಬೇಡಿ, ಚೀಟಿಯಲ್ಲಿ ಬರೆದು ಒಂದು ಡಬ್ಬಕ್ಕೆ ಹಾಕಿ. ವಾರಕ್ಕೊಂದು ದಿನ ಕೂತು ಓದಿ. ಓದಿದ್ದನ್ನು ಕೇಳಿದವರು ಎದುರು ಮಾತಾಡಬಾರದು. "ಕೇಳಿಸಿಕೊಂಡೆ" ಅಂತ ಮಾತ್ರ ಹೇಳಬೇಕು. ಕೊನೆಗೆ ಅವರು ಒಂದು ಮಾತು ಹೇಳಿದರು. ಮಾತಾಡದವರ ಹೊಟ್ಟೆಯಲ್ಲೇ ಹೆಚ್ಚು ದೂರುಗಳಿರುತ್ತವೆಯಂತೆ.

ನನಗೆ ಕುರ್ಚಿಯಲ್ಲೇ ಬೆವರಿತು. ಹಾಗಾದರೆ ನಮ್ಮವರ ಹೊಟ್ಟೆಯಲ್ಲಿ ಒಂದು ಗೋದಾಮೇ ಇರಬೇಕು!

ಮನೆಗೆ ಬಂದವಳೇ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ.

"ಏನ್ರೀ, ಇನ್ಮೇಲೆ ಈ ಮನೇಲಿ ಯಾರೂ ಕೂಗೋ ಹಾಗಿಲ್ಲ!"

"ಕೂಗೋದು ನೀನೊಬ್ಳೇ ಅಲ್ವಾಮ್ಮ" ಎಂದಳು ಮಗಳು.

"ಬಾಯ್ಮುಚ್ಚೇ!" ಎಂದು ಕೂಗಿದೆ.

ಬಿಸ್ಕತ್ತಿನ ಖಾಲಿ ಡಬ್ಬ ತೊಳೆದು ಒರೆಸಿದೆ. ಮುಚ್ಚಳಕ್ಕೆ ಒಂದು ಸೀಳು ಮಾಡಿಸಿದೆ. ಮುಂದಿನ ಭಾನುವಾರ ಸಾಯಂಕಾಲ ತೆರೆಯುವುದು ಎಂದು ಗೊತ್ತು ಮಾಡಿದೆ. ಅಳತೆ ಬರೆಯುವ ಕಂದು ಕಾಗದ ಒಂದು ಸುರುಳಿ ಇತ್ತು. ಮೇಜಿನ ಮೇಲಿದ್ದ ಅವರ ದೊಡ್ಡ ಕತ್ತರಿ ತೆಗೆದುಕೊಂಡು ಕರಕರ ಅಂತ ನೂರು ಚೀಟಿ ಕತ್ತರಿಸಿದೆ. ಮಿಷನ್ ತುಳಿಯುತ್ತಿದ್ದ ಯಜಮಾನರು ಕಾಲು ನಿಲ್ಲಿಸಿದರು. ನನ್ನ ಕಡೆ ತಿರುಗಿದರು. ಬಾಯಿ ತೆರೆದರು.

"ಊಂ ಹೂಂ! ಏನೇ ಇದ್ರೂ ಬರೆದು ಹಾಕಿ" ಎಂದು ಕೈ ತೋರಿಸಿದೆ.

ಅವರು ಬಾಯಿ ಮುಚ್ಚಿದರು. ಶಾಂತಿಯ ಮೊದಲ ಜಯ ಎಂದು ನಾನು ಬೀಗಿದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಬರೆಯಲು ಶುರು ಮಾಡಿದ ಮೇಲೆ ಕೈ ನಿಲ್ಲಲಿಲ್ಲ. ಒದ್ದೆ ಟವೆಲನ್ನು ಕುರ್ಚಿ ಮೇಲೆ ಹಾಕುತ್ತೀರಿ. ಸಾರು ಹೇಗಿದೆ ಅಂದರೆ ಬಿಸಿ ಇದೆ ಅನ್ನುತ್ತೀರಿ. ಬುಧವಾರದ ಹೊತ್ತಿಗೆ ಹದಿನಾಲ್ಕು ಚೀಟಿ! ಅವರದು ಒಂದೂ ಇಲ್ಲ. ಸಾಲದ್ದಕ್ಕೆ ಆ ವಾರ ಪೂರ್ತಿ ಬೆಳಿಗ್ಗೆ ಎದ್ದು ಕತ್ತರಿಯನ್ನು ಸಾಣೆಕಲ್ಲಿಗೆ ಉಜ್ಜುತ್ತಾ ಕೂರುತ್ತಿದ್ದರು. ನನ್ನ ಮೇಲಿನ ಸಿಟ್ಟನ್ನು ಕತ್ತರಿ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ ಎಂದು ಅದಕ್ಕೂ ಒಂದು ಚೀಟಿ ಬರೆದು ಹಾಕಿದೆ.

ಗುರುವಾರ ಹೆಡ್‌ಮೇಷ್ಟ್ರ ಪ್ಯಾಂಟು ತಯಾರಾಯಿತು. ನಮ್ಮಲ್ಲಿ ಇಸ್ತ್ರಿಯಾದ ಬಟ್ಟೆಗೆ ಅಳತೆ ಚೀಟಿಯನ್ನು ಮಡಚಿ ಗುಂಡುಸೂಜಿಯಿಂದ ಚುಚ್ಚಿ ಕೊಡುವುದು ರೂಢಿ. ಮುಂದಿನ ಸಲ ಹೊಲಿಸುವಾಗ ಅವರೇ ಅದನ್ನು ತರುತ್ತಾರೆ. ನನ್ನ ಎದುರು ಎರಡು ಕಂದು ಚೀಟಿಗಳಿದ್ದವು. ಒಂದು ಹೆಡ್‌ಮೇಷ್ಟ್ರ ನಡು, ಇನ್ನೊಂದು ನನ್ನ ನೋವು. ಒಂದನ್ನು ಡಬ್ಬಕ್ಕೆ ಹಾಕಿದೆ, ಇನ್ನೊಂದನ್ನು ಪ್ಯಾಂಟಿಗೆ ಚುಚ್ಚಿ ಕಳಿಸಿದೆ. ಯಾವುದನ್ನು ಎಲ್ಲಿಗೆ ಎಂದು ನೀವೇ ಊಹಿಸಿ!

ಶುಕ್ರವಾರ ಬೆಳಿಗ್ಗೆ ಯಜಮಾನರು ಕತ್ತರಿ ಉಜ್ಜಿ ಇಟ್ಟು ಎದ್ದರು. ಒಂದು ಚೀಟಿ ಬರೆದು ನಾಲ್ಕಾಗಿ ಮಡಚಿ ಡಬ್ಬಕ್ಕೆ ಹಾಕಿದರು. ಮೂವತ್ತು ವರ್ಷದ ದೂರು ಒಂದೇ ಚೀಟಿಯಲ್ಲಿ! ನಾನು ಡಬ್ಬ ಅಲ್ಲಾಡಿಸಿದೆ. ಬೆಳಕಿಗೆ ಹಿಡಿದೆ. ಸೀಳಿನೊಳಗೆ ಹೆಣಿಗೆ ಕಡ್ಡಿ ತೂರಿಸಿದೆ.

"ಅಮ್ಮಾ! ಭಾನುವಾರ ಸಾಯಂಕಾಲ!" ಎಂದಳು ಮಗಳು.

ಈಗ ಶನಿವಾರಕ್ಕೆ ಬರೋಣ. ಹೆಡ್‌ಮೇಷ್ಟ್ರ ಹೆಂಡತಿ ಪ್ಯಾಂಟನ್ನು ಮೇಜಿನ ಮೇಲೆ ಒಗೆದರು. ಚೀಟಿ ಬಿಚ್ಚಿ, ಇಡೀ ಬೀದಿಗೆ ಕೇಳುವಂತೆ ಓದಿದರು.

"ಮೂವತ್ತು ವರ್ಷದಿಂದ ಜೊತೆಗಿದ್ದೇನೆ. ಒಂದು ದಿನ ಚೆನ್ನಾಗಿದ್ದೀಯ ಅಂದಿಲ್ಲ. ನಿಮ್ಮ ಬಾಯಿಗೆ ಗುಂಡಿ ಹಾಕಿದವರು ಯಾರು?"

ಮಿಷನ್ ಶಬ್ದ ನಿಂತಿತು.

"ಇವರ ಜೇಬಲ್ಲಿ ಸಿಕ್ತು. ಗುಂಡುಸೂಜಿ ನಿಮ್ಮಂಗಡೀದು. ಯಾರಮ್ಮ ಇವಳು, ಮೂವತ್ತು ವರ್ಷದಿಂದ ಇರೋಳು?"

"ಅಕ್ಕಾ, ಅದು... ನಾನು."

"ನೀನಾ! ನನ್ನ ಗಂಡನ ಜೊತೇನಾ!"

"ಅಯ್ಯೋ ಇಲ್ಲಕ್ಕಾ! ಅದು ನನ್ನ ಗಂಡನಿಗೆ ಬರೆದದ್ದು! ಅಗೋ, ಅಲ್ಲಿ ಕೂತಿದಾರಲ್ಲ, ಅವರಿಗೆ!"

ಅವರು ಚೀಟಿ ನೋಡಿದರು. ಮಿಷನ್ನಿಗೆ ತಲೆ ತೂರಿಸಿ ಕೂತಿದ್ದ ನಮ್ಮ ಯಜಮಾನರನ್ನು ನೋಡಿದರು. ತಕ್ಷಣ ನಂಬಿದರು.

ಅಷ್ಟರಲ್ಲಿ ಹೆಡ್‌ಮೇಷ್ಟ್ರೇ ಏದುಸಿರು ಬಿಡುತ್ತಾ ಬಂದು ಮೆಟ್ಟಿಲ ಮೇಲೆ ನಿಂತರು. "ನಾನು ನೀನೇ ಬರೆದು ಚುಚ್ಚಿದೀಯ ಅಂದ್ಕೊಂಡೆ ಕಣೇ..."

"ಅದಕ್ಕೇನಾ ಮೊನ್ನೆಯಿಂದ ನಾಲ್ಕು ಸಲ ಚೆನ್ನಾಗಿದ್ದೀಯ ಅಂದಿದ್ದು? ಪಾತ್ರೆ ತೊಳೆದಿದ್ದು? ಇವರಿಗೇನೋ ಆಗಿದೆ ಅಂತ ಹೆದರಿ ಜೇಬು ತಡಕಿದೆ ನಾನು!"

"ತಪ್ಪಾಯ್ತು."

"ತಪ್ಪಾ? ಈ ಕಾಗೆ ಕಾಲು ನನ್ನ ಅಕ್ಷರಾನಾ? ಇಷ್ಟು ವರ್ಷ ಆಯ್ತು, ಹೆಂಡತಿ ಕೈಬರಹ ಗೊತ್ತಿಲ್ವಾ? ಮತ್ತೆ ಈ ಕೆಂಪು ಶಾಯಿ ಯಾರದು?"

ಆಗಲೇ ನಾನು ನೋಡಿದ್ದು. ನನ್ನ ನೋವಿನಲ್ಲಿದ್ದ ಮೂರು ಕಾಗುಣಿತದ ತಪ್ಪನ್ನು ಹೆಡ್‌ಮೇಷ್ಟ್ರು ತಿದ್ದಿದ್ದರು! ಕೆಳಗೆ ಹತ್ತಕ್ಕೆ ಆರು ಕೊಟ್ಟಿದ್ದರು!

"ಅಭ್ಯಾಸ" ಎಂದರು ಹೆಡ್‌ಮೇಷ್ಟ್ರು, ನೆಲ ನೋಡುತ್ತಾ.

ಒಂದು ಆರೋಪದಿಂದ ಬಿಡುಗಡೆಯಾಗಿ ಇನ್ನೊಂದರಲ್ಲಿ ಸಿಕ್ಕಿಬಿದ್ದ ಅವರನ್ನು ಹೆಂಡತಿ ತೋಳು ಹಿಡಿದು ಎಳೆದುಕೊಂಡು ಹೊರಟರು. ಚೀಟಿ ಕೊಡಿ ಅಕ್ಕಾ, ಡಬ್ಬಕ್ಕೆ ಹಾಕಬೇಕು ಎಂದೆ. ಅವರು ಅದನ್ನು ಮಡಚಿ ಪರ್ಸಿಗೆ ಹಾಕಿಕೊಂಡರು.

"ಇದು ನನ್ನ ಹತ್ರಾನೇ ಇರ್ಲಿ. ಪಾತ್ರೆ ಚೆನ್ನಾಗೇ ತೊಳೆದಿದ್ರು."

ಅಂಗಡಿ ಖಾಲಿಯಾಯಿತು. ತಿರುಗಿ ನೋಡಿದರೆ ಯಜಮಾನರ ಹೆಗಲು ಕುಣಿಯುತ್ತಿದೆ. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾರೆ, ಶಬ್ದವಿಲ್ಲದೆ.

"ನಗ್ತೀರಾ? ನನ್ನ ಮಾನ ಹೋಯ್ತು! ನಿಮ್ಮ ಚೀಟೀಲಿ ಏನಿದೆ, ಅದಾದ್ರೂ ಹೇಳಿ."

"ನಾಳೆ ಸಾಯಂಕಾಲ ನೋಡು."

"ಬೈದಿದೀರಾ?"

ಅವರು ಕಣ್ಣೊರೆಸಿಕೊಂಡು ಸೂಜಿಗೆ ದಾರ ಪೋಣಿಸಿದರು. ಸಾಯಂಕಾಲದವರೆಗೆ ಒಂದು ಶರಟು ಮುಗಿಸಿದರು. ತೋಳಿನ ಗುಂಡಿ ನಾನು ಹಾಕಿದೆ. ಊಟಕ್ಕೆ ಕೂತಾಗ ಸಾರು ಹೇಗಿದೆ ಎಂದೆ. ಬಿಸಿ ಇದೆ ಎಂದರು.

ಭಾನುವಾರ ಬೆಳಿಗ್ಗೆ ಅವರು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಒದ್ದೆ ಟವೆಲು ಕುರ್ಚಿಯ ಮೇಲೆಯೇ ಇತ್ತು. ಮೂರು ದಿನಕ್ಕೆ ಒಣಗಿತು. ನಾನು ತೆಗೆಯಲಿಲ್ಲ.

ಡಬ್ಬವನ್ನೂ ಮುಟ್ಟಲಿಲ್ಲ. ಹೋಗುವವರು ಏನು ಬೈದು ಹೋದರೋ ಎಂಬ ಹೆದರಿಕೆ. ಬೈದಿದ್ದರೆ ನಾನಿನ್ನು ಯಾರ ಹತ್ತಿರ ಜಗಳ ಆಡಲಿ? ಆರು ಭಾನುವಾರ ಹೋದವು. ಏಳನೆಯ ಭಾನುವಾರ ಸಾಯಂಕಾಲ ಮಗಳು ಡಬ್ಬ ತಂದು ನನ್ನ ಮುಂದೆ ಇಟ್ಟಳು.

"ತೆಗಿಯಮ್ಮ. ಅಪ್ಪ ಹೇಳೋದು ಹೇಳಿ ಹೋಗಿದಾರೆ. ಕೇಳಿಸ್ಕೋಬೇಕು ತಾನೆ?"

ಮುಚ್ಚಳ ತೆಗೆದು ಸುರಿದೆ. ನನ್ನ ಚೀಟಿಗಳು ಇಪ್ಪತ್ತೊಂದು. ಒಂದನ್ನೂ ಓದಲು ಆಗಲಿಲ್ಲ. ನಡುವೆ ಹೆಡ್‌ಮೇಷ್ಟ್ರ ನಡು, ನಲವತ್ತೆರಡು ಇಂಚು. ಕೊನೆಗೆ ನಾಲ್ಕಾಗಿ ಮಡಚಿದ್ದು ಸಿಕ್ಕಿತು. ನಾನು ಅದನ್ನು ಮಗಳ ಕಡೆ ಸರಿಸಿದೆ, ಅವಳೇ ಓದಿದಳು. ಅಳತೆ ಬರೆಯುವ ಹಾಗೆ ಎರಡೇ ಸಾಲು ಬರೆದಿದ್ದರು.

"ಬಟ್ಟೆ ಕತ್ತರಿಯಲ್ಲಿ ಕಾಗದ ಕತ್ತರಿಸಬೇಡ. ಮೊಂಡಾಗುತ್ತೆ.

ಉಳಿದದ್ದೆಲ್ಲ ಸರಿ ಇದೆ."

ಶಾಂತಿ ತರಲು ಹೋದ ನನ್ನ ನೂರು ಚೀಟಿಗಳೇ ಅವರ ಒಂದೇ ಒಂದು ದೂರು! ಮೂವತ್ತು ವರ್ಷದ ಗೋದಾಮಿನಲ್ಲಿ ಬೇರೆ ಸರಕೇ ಇರಲಿಲ್ಲ.

ಎದುರು ಮಾತಾಡಬಾರದು ಎಂದು ಡಾಕ್ಟರಮ್ಮ ಹೇಳಿದ್ದರಲ್ಲ. "ಕೇಳಿಸಿಕೊಂಡೆ" ಎಂದೆ.

ಅಂಗಡಿ ಈಗ ನನ್ನದು. ಹೊಸ ಬಟ್ಟೆ ಹೊಲಿಯಲು ನನಗೆ ಬರುವುದಿಲ್ಲ. ಪ್ಯಾಂಟು ಗಿಡ್ಡ ಮಾಡುತ್ತೇನೆ, ಜಿಪ್ಪು ಹಾಕುತ್ತೇನೆ. ಚೀಟಿ ಬೇಕಾದರೆ ಕಾಗದವನ್ನು ಕೈಯಲ್ಲಿ ಹರಿಯುತ್ತೇನೆ. ಬೆಳಿಗ್ಗೆ ಎದ್ದು, ಬಾಗಿಲು ತೆಗೆಯುವ ಮೊದಲು, ಸಾಣೆಕಲ್ಲಿಗೆ ನೀರು ಹಾಕಿ ಕತ್ತರಿಯನ್ನು ಉಜ್ಜುತ್ತೇನೆ. ತಿರುಪಿಗೆ ಒಂದು ಹನಿ ಎಣ್ಣೆ ಬಿಡುತ್ತೇನೆ. ಒಂದು ಚೂರು ಬಟ್ಟೆ ಕತ್ತರಿಸಿ ನೋಡುತ್ತೇನೆ. ಇನ್ನೂ ಸ್ವಲ್ಪ ಮೊಂಡಿದೆ.