ಸತ್ತವರು ಚಹಾ ಮಾಡಬೇಕು

ಭಾನುವಾರ ಮಧ್ಯಾಹ್ನವಾದರೆ ಸಾಕು, ತನ್ನ ಅಡುಗೆಮನೆಗೆ ಸತ್ತವರು ಬಂದು ನಿಲ್ಲುತ್ತಾರೆ ಎಂಬುದು ಆಕೆಯ ದೂರು. ಒಬ್ಬೊಬ್ಬರಾಗಿ ಬರುತ್ತಾರೆ. ಮುಖ ಸಪ್ಪಗೆ ಮಾಡಿಕೊಂಡು, ಕೈ ಎಲ್ಲಿಡಬೇಕೆಂದು ತಿಳಿಯದೆ ಒಲೆಯ ಪಕ್ಕ ನಿಂತು, “ಅತ್ತಿಗೆ, ಸಕ್ಕರೆ ಎಲ್ಲಿದೆ?” ಎಂದು ಕೇಳುತ್ತಾರೆ. ಕಪಾಟಿನಲ್ಲಿ ಒಂದೇ ಅಳತೆಯ, ಒಂದೇ ಹೊಳಪಿನ ಮೂರು ಸ್ಟೀಲ್ ಡಬ್ಬಗಳಿವೆ. ಒಂದರಲ್ಲಿ ಸಕ್ಕರೆ, ಒಂದರಲ್ಲಿ ಉಪ್ಪು, ಇನ್ನೊಂದರಲ್ಲಿ ಸೋಡಾಪುಡಿ. ಯಾವುದರಲ್ಲಿ ಯಾವುದು ಎಂಬುದು ಆಕೆಯ ಕೈಗೆ ಗೊತ್ತು, ಸತ್ತವರಿಗೆ ಗೊತ್ತಿಲ್ಲ. ಹೀಗಾಗಿ ವಾರಕ್ಕೊಂದು ದಿನ ಸಿಗುವ ರಜೆಯಲ್ಲಿ ಆಕೆ ಪ್ರೇತಗಳಿಗೆ ಡಬ್ಬ ತೋರಿಸುತ್ತ ನಿಂತಿರಬೇಕು.

ಇದಕ್ಕೆಲ್ಲ ಕಾರಣ ಆಕೆಯ ಗಂಡ. ಅವರದು ಲಿಫ್ಟ್‌ಗಳ ತಪಾಸಣೆಯ ಕೆಲಸ. ವಾರವೆಲ್ಲ ಒಂದಲ್ಲ ಒಂದು ಕಟ್ಟಡದ ಲಿಫ್ಟಿನೊಳಗೆ ನಿಂತು ಮೇಲೆ ಕೆಳಗೆ ಓಡಾಡುತ್ತಾರೆ. ಲಿಫ್ಟಿನೊಳಗೆ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ, ಎಲ್ಲರೂ ಬಾಗಿಲ ಮೇಲಿನ ಅಂಕಿಯನ್ನೇ ನೋಡುತ್ತಿರುತ್ತಾರೆ. ಮನೆಗೆ ಬಂದರೆ ಅವರು ಶುರು ಮಾಡಿದ ವಾಕ್ಯವನ್ನು ಹೆಂಡತಿ ಮುಗಿಸಿಬಿಡುತ್ತಾಳೆ, ಅದೂ ಅವರಿಗಿಂತ ಚೆನ್ನಾಗಿ. ಹೀಗೆ ಆರು ದಿನ ಗಂಟಲಲ್ಲೇ ಉಳಿದ ಮಾತೆಲ್ಲ ಭಾನುವಾರ ಊಟದ ಮೇಜಿನ ಮೇಲೆ ಹರಿಯುತ್ತದೆ.

ಆ ದಿನ ಅವರು ಲಿಫ್ಟ್ ತಪಾಸಣೆಗಾರರಲ್ಲ, ಮಾತಿನಲ್ಲೇ ಆಡುವ ಸಾಹಸದ ಆಟವೊಂದರ ಸೂತ್ರಧಾರರು. ಮೇಜಿನ ತಲೆಯ ಕಡೆಗಿರುವ, ಕೈಯಿರುವ ಏಕೈಕ ಕುರ್ಚಿಯಲ್ಲಿ ಕೂತು ಅವರು ಕೋಟೆ, ಕಾಡು, ಕಳ್ಳದಾರಿಗಳನ್ನು ಬಾಯಲ್ಲೇ ಕಟ್ಟುತ್ತಾರೆ. ಎದುರಿಗೆ ಮೂವರು ವೀರರು: ಓಣಿಯ ತುದಿಯ ದರ್ಜಿ, ಒಬ್ಬ ವಿಮಾ ಏಜೆಂಟ್, ಮತ್ತು ಹೆಂಡತಿಯ ತಮ್ಮ. ಸೂತ್ರಧಾರರು ದೃಶ್ಯವನ್ನು ವರ್ಣಿಸಿ, ಸ್ವಲ್ಪ ತಡೆದು, ದನಿ ತಗ್ಗಿಸಿ “ಈಗ ನೀವೇನು ಮಾಡ್ತೀರಿ?” ಎನ್ನುತ್ತಾರೆ. ವೀರರು ಏನೋ ಮಾಡುತ್ತಾರೆ. ಅದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ದಾಳ ಕೈಕೊಟ್ಟರೆ ವೀರ ಸಾಯುತ್ತಾನೆ. ಸತ್ತವನು ಸುಮ್ಮನೆ ಕೂತರೆ ಬದುಕಿದ್ದವರಿಗೆ ಸಲಹೆ ಕೊಡುತ್ತಾನಾದ್ದರಿಂದ, ಸತ್ತವರು ಎದ್ದು ಹೋಗಿ ಎಲ್ಲರಿಗೂ ಚಹಾ ಮಾಡಬೇಕೆಂದು ಸೂತ್ರಧಾರರೇ ನಿಯಮ ಮಾಡಿದ್ದರು. ಸೂತ್ರಧಾರನಿಗೆ ಮಾತ್ರ ಸಾವಿಲ್ಲ. ಆದ್ದರಿಂದ ಮದುವೆಯಾದಂದಿನಿಂದ ಅವರು ಅಡುಗೆಮನೆಯ ಹೊಸ್ತಿಲು ದಾಟಿದ್ದು ನೀರಿನ ಲೋಟ ಇಡುವುದಕ್ಕಷ್ಟೇ.

ಸತ್ತವರು ಚಹಾ ಕುದಿಯುವವರೆಗೆ ಬಾಯಿ ಮುಚ್ಚಿಕೊಂಡಿರುತ್ತಾರೆಯೇ? ತಮಗಾದ ಅನ್ಯಾಯವನ್ನು ಅತ್ತಿಗೆಯ ಮುಂದೆ ತೋಡಿಕೊಳ್ಳುತ್ತಾರೆ. “ಅಷ್ಟು ಒಳ್ಳೆ ಸೇತುವೆ, ನಾನು ಕಾಲಿಟ್ಟ ತಕ್ಷಣ ಮುರೀಬೇಕಾ ಅತ್ತಿಗೆ?” ಎಂದು ದರ್ಜಿ. “ಹುಷಾರಾಗಿ ಹಿಂದೆ ನಿಂತಿದ್ದೆ ಅತ್ತಿಗೆ, ಹಿಂದಿನಿಂದಲೇ ಬಂದು ಹೊಡೆದ್ರು” ಎಂದು ವಿಮಾ ಏಜೆಂಟ್. (ಎಲ್ಲರಿಗಿಂತ ಎಚ್ಚರಿಕೆಯಿಂದ ಆಡುವವರು ಅವರೇ, ಎಲ್ಲರಿಗಿಂತ ಹೆಚ್ಚು ಸಲ ಸತ್ತವರೂ ಅವರೇ.) ಆಕೆ ಕಣ್ಣಾಸ್ಪತ್ರೆಯ ಮುಂಬಾಗಿಲ ಮೇಜಿನ ಹಿಂದೆ ಕೂತು, ಬಂದವರ ಗೋಳು ಕೇಳಿ, ಯಾರು ಯಾವ ಬಾಗಿಲಿಗೆ ಹೋಗಬೇಕೆಂದು ಹೇಳುವ ಕೆಲಸದವಳು. ಕೇಳುವುದು ಅಭ್ಯಾಸವಾಗಿಬಿಟ್ಟಿತ್ತು. ಹೀಗೆ ಮೇಜಿನ ಹತ್ತಿರ ಒಮ್ಮೆಯೂ ಕೂರದೆ, ಗಂಡ ಹೇಳಿದ ಕಥೆಗಳೆಲ್ಲ ಆಕೆಗೆ ಸತ್ತವರ ಬಾಯಿಂದ ತಿಳಿದಿದ್ದವು. ಇದು ಗಂಡನಿಗೆ ಗೊತ್ತಿರಲಿಲ್ಲ.

ಹೀಗಿರುವಾಗ ಆಟದ ಪುಸ್ತಕಗಳನ್ನು ಅಚ್ಚು ಹಾಕುವ ಸಂಸ್ಥೆಯೊಂದು ಬರವಣಿಗೆಯ ಸ್ಪರ್ಧೆ ಸಾರಿತು. ಸೂತ್ರಧಾರರಿಗೆ ಮಾತ್ರ. ತಾವು ಕಟ್ಟಿದ ಒಂದು ಸಾಹಸವನ್ನು ಬರೆದು ಕಳಿಸಬೇಕು, ಗೆದ್ದದ್ದು ಪುಸ್ತಕವಾಗಿ ಊರೂರಿಗೆ ಹೋಗುತ್ತದೆ. ಅದನ್ನು ಸೂತ್ರಧಾರರು ಎರಡು ಸಲ ಓದಿದರು. ಎಂದೂ ನೋಡದ ಊರಿನಲ್ಲಿ, ಎಂದೂ ಕಾಣದ ಮೇಜಿನ ಸುತ್ತ, ಯಾರೋ ತಮ್ಮ ವಾಕ್ಯವನ್ನು ಹೇಳುತ್ತಾರೆ, ಯಾರೋ ಉಸಿರು ಬಿಗಿಹಿಡಿದು ಕೇಳುತ್ತಾರೆ. ಆಯುಷ್ಯವೆಲ್ಲ ಲಿಫ್ಟಿನೊಳಗೆ ಬಾಯಿ ಮುಚ್ಚಿಕೊಂಡು ನಿಂತ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಆಸೆ ಇರಲಿಲ್ಲ.

ಹೆಂಡತಿ ಸುದ್ದಿ ಕೇಳಿ ಪಣ ಒಡ್ಡಿದಳು. “ಗೆದ್ರೆ ಈ ಮೇಜು ನಿಮ್ದೇ, ಭಾನುವಾರ ನಾನು ಸೊಲ್ಲೆತ್ತಲ್ಲ. ಸೋತ್ರೆ ನಿಮ್ಮ ಸತ್ತವರನ್ನೆಲ್ಲ ಕಟ್ಕೊಂಡು ಬೇರೆ ಮನೆ ನೋಡ್ಕೊಳಿ.”

“ಒಪ್ಪಿದೆ” ಎಂದರು ಸೂತ್ರಧಾರರು, ಸಾಮ್ರಾಜ್ಯವನ್ನೇ ಪಣಕ್ಕಿಟ್ಟ ಗಾಂಭೀರ್ಯದಿಂದ.

ಬರೆದರು. ಊಟ ಬಿಟ್ಟು ಬರೆದರು, ಲಿಫ್ಟ್ ಮೇಲೆ ಹೋಗುವಾಗ ನೆನೆದು ಕೆಳಗೆ ಬರುವಾಗ ಗೀಚಿದರು. ಸಾಹಸದ ಹೆಸರು ‘ನಿದ್ರಿಸದ ಕಾವಲುಗಾರ’. ಪಾಳುಬಿದ್ದ ಕೋಟೆ, ಅದರ ಕೊನೆಯ ಬಾಗಿಲ ಮುಂದೆ ಯುಗಯುಗಗಳಿಂದ ಕಣ್ಣು ಮುಚ್ಚದೆ ನಿಂತ ಒಬ್ಬ ಕಾವಲುಗಾರ. ಕೋಟೆ ಕಟ್ಟಿಸಿದ ರಾಜನ ವಂಶಾವಳಿಯೇ ಎಷ್ಟೋ ಪುಟ ಆಯಿತು. ಮೊದಲ ಪುಟದಲ್ಲಿ ನಿಯಮವೊಂದನ್ನು ದಪ್ಪಕ್ಷರದಲ್ಲಿ ಬರೆದರು: ‘ಬರಹ ಸುಮ್ಮನಿದ್ದಲ್ಲಿ ದಾಳ ಮಾತಾಡಲಿ.’ ಆ ವಾಕ್ಯ ಬರೆದ ದಿನ ಕನ್ನಡಿಯಲ್ಲಿ ತಮ್ಮನ್ನು ತಾವೇ ಸ್ವಲ್ಪ ಹೊತ್ತು ನೋಡಿಕೊಂಡರು.

ಸ್ಪರ್ಧೆಯವರದೊಂದು ತೊಡಕಿನ ಷರತ್ತಿತ್ತು. ಕಳಿಸುವ ಮುನ್ನ ಆ ಸಾಹಸವನ್ನು ಬರೆದವರಲ್ಲದೆ ಬೇರೊಬ್ಬರು ಒಮ್ಮೆ ಆಡಿಸಿರಬೇಕು. ಆಗ ಬರೆದವರು ತುಟಿಪಿಟಕ್ಕೆನ್ನಬಾರದು. ಗೆಳೆಯರ ಕೈಗೆ ಕೊಟ್ಟರೆ ಗುಟ್ಟು ಬಯಲಾಗುತ್ತದೆ. ಉಳಿದವಳು ಹೆಂಡತಿ.

ಆಕೆ ಅದನ್ನು ತರಕಾರಿ ಹೆಚ್ಚುತ್ತ ಓದಿದಳು. ಕೊನೆಗೆ ಚಾಕು ಕೆಳಗಿಟ್ಟಳು.

“ಇಲ್ಲಿ ‘ಬಾಗಿಲ ಮುಂದೆ ಆಟಗಾರರು ಬೆರಗಾಗುತ್ತಾರೆ’ ಅಂತ ಬರೆದಿದೀರಿ. ಯಾಕೆ ಬೆರಗಾಗ್ತಾರೆ?”

“ಅದು ಆ ಹೊತ್ತಿಗೆ ಬರುತ್ತೆ.”

“ಯಾರಿಗೆ ಬರುತ್ತೆ?”

“ಹೇಳೋನಿಗೆ ಬರುತ್ತೆ ಕಣೇ. ಎದುರಿಗಿರೋರ ಮುಖ ನೋಡಿದ್ರೆ ತಾನಾಗೇ ಹೊಳೆಯುತ್ತೆ. ಅದನ್ನೆಲ್ಲ ಬರೆಯೋಕಾಗಲ್ಲ.”

“ಕಾವಲುಗಾರ ಏನು ಮಾಡ್ತಾನೆ ಅಂತಾನೂ ಇಲ್ಲ. ಬಾಗಿಲ ಹಿಂದೆ ಏನಿದೆ ಅಂತಾನೂ ಇಲ್ಲ.”

“ಗುಟ್ಟು ಅಂದ್ರೆ ಹಾಗೇ ಇರ್ಬೇಕು” ಎಂದರು ಸೂತ್ರಧಾರರು. ಇಷ್ಟು ವರ್ಷ ಆ ಕ್ಷಣದಲ್ಲಿ ಏನಾದರೂ ಹೊಳೆಯುತ್ತಲೇ ಬಂದಿತ್ತು. ಬಾಗಿಲ ಹಿಂದೆ ಏನಿತ್ತೆಂದು ಅವರೇ ಒಮ್ಮೆಯೂ ಯೋಚಿಸಿರಲಿಲ್ಲ.

ಭಾನುವಾರ ಬಂತು. ಆಕೆ ಕೈ ಒರೆಸಿಕೊಂಡು ಬಂದು ಕೈಯಿರುವ ಕುರ್ಚಿಯಲ್ಲಿ ಕೂತಳು. ಸಾಹಸಕ್ಕೆ ನಾಲ್ವರು ವೀರರು ಬೇಕು, ಇರುವವರು ಮೂವರು.

“ಭಾವನೂ ಆಡ್ಲಿ ಅಕ್ಕ” ಎಂದ ತಮ್ಮ. “ಮಾತಾಡಬಾರದು ಅಷ್ಟೇ ತಾನೆ? ಮೂಕ ಸೈನಿಕ ಆಗ್ಲಿ.”

ಮೂಕ ಸೈನಿಕರಾಗಿ ಸೂತ್ರಧಾರರು ಬಾಗಿಲ ಪಕ್ಕದ ಮಡಚುವ ಕುರ್ಚಿಯಲ್ಲಿ ಕೂತರು. ಆಕೆ ರಾಜನ ವಂಶಾವಳಿಯನ್ನು ಒಟ್ಟಿಗೆ ಹಿಡಿದು ತಿರುವಿಹಾಕಿದಳು. “ಒಬ್ಬ ರಾಜ ಇದ್ದ. ಕೋಟೆ ಕಟ್ಟಿಸಿದ, ಸತ್ತ. ನೀವು ಈಗ ಹಜಾರದ ಮುಂದೆ ನಿಂತಿದ್ದೀರಿ. ಒಳಗೆ ಕತ್ತಲು. ಈಗ ನೀವೇನು ಮಾಡ್ತೀರಿ?”

ಅವರ ವಾಕ್ಯ, ಆಕೆಯ ಬಾಯಲ್ಲಿ. ದಿನವೂ ನೂರು ಜನರಿಗೆ ಬಾಗಿಲು ತೋರಿಸುವ ಆ ತಣ್ಣನೆಯ ದನಿಯಲ್ಲಿ ಅದು ಭಯ ಹುಟ್ಟಿಸುವಂತಿತ್ತು. ವಿಮಾ ಏಜೆಂಟ್ ಅಭ್ಯಾಸಬಲದಿಂದ ಹಿಂದೆ ಸರಿದರು. ದರ್ಜಿ ಅನುಮಾನಿಸಿದ. ಆ ಹಜಾರದಲ್ಲಿ ಬಲೆಯಾಗಲಿ ಬೇತಾಳವಾಗಲಿ ಇಲ್ಲವೆಂದು ಜಗತ್ತಿನಲ್ಲಿ ಖಚಿತವಾಗಿ ಬಲ್ಲವರು ಒಬ್ಬರೇ. ಮೂಕ ಸೈನಿಕರು ಎದೆಯುಬ್ಬಿಸಿ, ತಾವು ಮುಂದೆ ಹೋಗುವುದಾಗಿ ಕೈಸನ್ನೆ ಮಾಡಿದರು.

“ಹಜಾರದ ನೆಲದ ಬಗ್ಗೆ ಏನೂ ಬರೆದಿಲ್ಲ” ಎಂದಳು ಆಕೆ. “ಬರಹ ಸುಮ್ಮನಿದೆ. ದಾಳ ಹಾಕಿ.”

ದಾಳ ಮೇಜಿನ ಮೇಲೆ ಉರುಳಿ, ಇಪ್ಪತ್ತು ಮುಖಗಳಲ್ಲಿ ಅತ್ಯಂತ ಕೆಟ್ಟ ಮುಖ ತೋರಿಸಿ ನಿಂತಿತು.

“ನೆಲ ಕುಸೀತು. ಆಳ ತುಂಬಾ ಇದೆ. ಸತ್ರಿ.”

“ಅಲ್ಲಿ ನೆಲ ಗಟ್ಟಿ ಇದೆ ಕಣೇ, ಆ ಕೋಟೆ ಕಟ್ಟಿದ್ದು ನಾನು.”

“ಮೂಕರು ಮಾತಾಡಲ್ಲ ರೀ” ಎಂದಳು ಆಕೆ, ತಲೆ ಎತ್ತದೆ. “ಸತ್ತವರಂತೂ ಮಾತಾಡೋದೇ ಇಲ್ಲ.”

ಜೀವಮಾನವೆಲ್ಲ ಜನ ಕೆಳಗೆ ಬೀಳದಂತೆ ನೋಡಿಕೊಂಡ ಸೂತ್ರಧಾರರು ಹೀಗೆ ತಾವೇ ಕಟ್ಟಿದ ನೆಲದೊಳಗೆ ಬಿದ್ದು ತೀರಿಕೊಂಡರು. ವಿಮಾ ಏಜೆಂಟ್ ಎದ್ದು ನಿಂತು, ವೃತ್ತಿಗೆ ತಕ್ಕ ದುಃಖದಿಂದ ಅವರ ಕೈ ಅದುಮಿ, ಅಡುಗೆಮನೆಯ ದಿಕ್ಕು ತೋರಿಸಿದರು.

ಮೂರು ಡಬ್ಬಗಳ ಮುಂದೆ ಸೂತ್ರಧಾರರು ಬಹಳ ಹೊತ್ತು ನಿಂತರು. ಮೂಕರಾದ್ದರಿಂದ ಕೇಳುವಂತಿಲ್ಲ, ಸ್ವಾಭಿಮಾನಿಯಾದ್ದರಿಂದ ಬೆರಳಿನಿಂದ ರುಚಿ ನೋಡುವಂತಿಲ್ಲ. ಕೊನೆಗೆ ಸಕ್ಕರೆಯ ಗೊಡವೆಗೇ ಹೋಗದೆ, ಚಹಾ ಎನ್ನಬಹುದಾದ ಏನನ್ನೋ ಲೋಟಗಳಿಗೆ ಬಗ್ಗಿಸಿಕೊಂಡು ತಟ್ಟೆ ಹಿಡಿದು ಬಾಗಿಲವರೆಗೆ ಬಂದರು. ಅಲ್ಲೇ ಕಾಲು ನಿಂತುಬಿಟ್ಟಿತು.

ವೀರರು ಕೊನೆಯ ಬಾಗಿಲಿಗೆ ಬಂದಿದ್ದರು. ಯಾರೂ ಕದಲುತ್ತಿರಲಿಲ್ಲ. ಅಂಥ ಮೌನವನ್ನು ಸೂತ್ರಧಾರರು ಇಷ್ಟು ವರ್ಷ ಬಯಸಿದ್ದರು, ಒಮ್ಮೆಯೂ ಪಡೆದಿರಲಿಲ್ಲ.

“ಕಾವಲುಗಾರ ಕತ್ತಿ ಎತ್ತಲ್ಲ” ಎನ್ನುತ್ತಿದ್ದಳು ಆಕೆ. “ನಿಮ್ಮ ಮೂವರ ಮುಖಾನೂ ಒಂದೊಂದಾಗಿ ನೋಡ್ತಾನೆ. ಆಮೇಲೆ ಕೇಳ್ತಾನೆ, ‘ನನ್ನ ಬದಲಿಗೆ ಬಂದವರು ನೀವೇನಾ?’”

ವಿಮಾ ಏಜೆಂಟರ ಕೈಯಲ್ಲಿದ್ದ ದಾಳ ಹಾಗೇ ಉಳಿಯಿತು.

“ಬಾಗಿಲ ಹಿಂದೆ ಏನಿದೆ ಅಕ್ಕ?” ಎಂದು ತಮ್ಮ ಮೆಲ್ಲಗೆ ಕೇಳಿದ.

“ಒಂದು ಮಂಚ. ಹಾಸಿಗೆ ಹಾಸಿದೆ. ಅವನಿಗೇ ಅಂತ ಹಾಸಿದ್ದು. ಬದಲಿ ಬರೋವರೆಗೆ ಮಲಗೋ ಹಾಗಿಲ್ಲ. ಯಾರೂ ಬರ್ಲಿಲ್ಲ.” ಆಕೆ ಸ್ವಲ್ಪ ತಡೆದಳು. “ಈಗ ನೀವೇನು ಮಾಡ್ತೀರಿ?”

ದರ್ಜಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. “ನಾನು ನಿಲ್ತೀನಿ ಅತ್ತಿಗೆ” ಎಂದ. “ಅವನು ಹೋಗಿ ಮಲಗ್ಲಿ.”

ಸೂತ್ರಧಾರರಿಗೆ ಕಣ್ಣು ತುಂಬಿ ಬಂತು, ಜೊತೆಗೆ ಹೊಟ್ಟೆಯೂ ಉರಿಯಿತು. ಎರಡೂ ಒಟ್ಟಿಗೇ ಆದವು. ತಮ್ಮ ಕೋಟೆ, ತಮ್ಮ ಕಾವಲುಗಾರ, ಆದರೆ ಅವನಿಗೆ ನಿದ್ದೆ ಬರುತ್ತಿರಬಹುದು ಎಂಬುದು ತಮಗೆ ಹೊಳೆದಿರಲಿಲ್ಲ. ಚಹಾ ಕೊಟ್ಟರು. ಮೂವರೂ ಕುಡಿದರು. ಸಕ್ಕರೆಯಿಲ್ಲವೆಂದು ಯಾರಿಗೂ ತಿಳಿಯಲೇ ಇಲ್ಲ, ಅದರಿಂದ ಅವರಿಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು.

ಮಾರನೆಯ ದಿನ ಅವರು ರಾಜನ ವಂಶಾವಳಿಯನ್ನು ಹರಿದುಹಾಕಿದರು. ಕೊನೆಯ ಬಾಗಿಲಲ್ಲಿ ನಡೆದದ್ದನ್ನು ಹೆಂಡತಿ ಹೇಳಿದ ಹಾಗೆಯೇ ಬರೆದರು. ಒಂದೆರಡು ಕಡೆ ಅಲಂಕಾರ ಸೇರಿಸಿದರು, ಸೇರಿಸಿದ್ದನ್ನು ಆಕೆ ಕಾಟು ಹೊಡೆದಳು. ಕಳಿಸಿದರು.

ಗೆದ್ದಿತು. ಮೊದಲ ಬಹುಮಾನ. ತೀರ್ಪುಗಾರರು ಕೋಟೆಯ ಬಗ್ಗೆ ಒಂದು ಮಾತು, ಕಾವಲುಗಾರನ ಬಗ್ಗೆ ಮನಸಾರೆ ಬರೆದಿದ್ದರು. ಸೂತ್ರಧಾರರು ಅದನ್ನು ಹೆಂಡತಿಗೆ ಓದಿ ಹೇಳಿದರು. “ಬಹುಮಾನ ನಿಂದು ಕಣೇ. ನನ್ನ ಹೆಸರಲ್ಲಿ ಬಂದಿದೆ ಅಷ್ಟೇ.”

“ಇರ್ಲಿ ಬಿಡಿ” ಎಂದಳು ಆಕೆ. “ನೆಲ ನಿಮ್ದಲ್ವಾ.”

ಭಾನುವಾರ ಅವರು ಹೊಸ ಅಂಗಿ ಹಾಕಿಕೊಂಡು ಮೇಜಿಗೆ ಬಂದರು. ಪಣ ಗೆದ್ದಾಗಿದೆ, ಇನ್ನು ಮೇಜು ಸೂರ್ಯಚಂದ್ರರಿರುವವರೆಗೆ ತಮ್ಮದು. ನೋಡಿದರೆ ಕೈಯಿರುವ ಕುರ್ಚಿಯಲ್ಲಿ ಹೆಂಡತಿ ಕೂತಿದ್ದಾಳೆ. ಎದುರಿಗೆ ಮೂವರು ವೀರರು ಅವರ ಮುಖ ನೋಡಬಾರದೆಂಬಂತೆ ಮೇಜನ್ನು ನೋಡುತ್ತಿದ್ದಾರೆ.

“ಮೇಜು ಗೆದ್ದಿದೀರಿ, ಅದರಲ್ಲಿ ಎರಡು ಮಾತಿಲ್ಲ” ಎಂದರು ವಿಮಾ ಏಜೆಂಟ್, ಷರತ್ತುಗಳನ್ನು ವಿವರಿಸುವ ದನಿಯಲ್ಲಿ. “ಕುರ್ಚಿ ವಿಷಯ ಪಣದಲ್ಲಿ ಇರ್ಲಿಲ್ಲ.”

“ಭಾವ, ಆ ಮಡಚೋ ಕುರ್ಚೀನೂ ಚೆನ್ನಾಗೇ ಇದೆ” ಎಂದ ತಮ್ಮ.

ಸೂತ್ರಧಾರರು ಹೆಂಡತಿಯ ಕಡೆ ನೋಡಿದರು. ಆಕೆ ಅವರನ್ನೇ ನೋಡುತ್ತಿದ್ದಳು, ಏಳೆಂದರೆ ಎದ್ದುಬಿಡುವವಳ ಹಾಗೆ. ಅವರು ಮಡಚುವ ಕುರ್ಚಿಯನ್ನು ಬಿಡಿಸಿ ಕೂತರು. ಕೂತ ಮೇಲೆ, ಆಕೆ ಇವತ್ತು ಎಲ್ಲಿಗೆ ಕರೆದೊಯ್ಯುತ್ತಾಳೋ ಎಂದು ಮನಸ್ಸು ಆಗಲೇ ಕಾತರಿಸುತ್ತಿತ್ತು. ಅದನ್ನು ಅವರು ಯಾರಿಗೂ ತೋರಿಸಿಕೊಳ್ಳಲಿಲ್ಲ.

ಎಲ್ಲರಿಗಿಂತ ಮೊದಲು ಸತ್ತರು. ಕಾರಣ, ಒಂದು ಬಾವಿಯೊಳಗೆ ಬಗ್ಗಿ ನೋಡಿದ್ದು.

ಅಡುಗೆಮನೆಯಲ್ಲಿ ನೀರು ಕುದಿಯಿತು, ಚಹಾಪುಡಿ ಬಿತ್ತು. ಈ ಸಲ ಮೂಕತನದ ಕಟ್ಟುಪಾಡಿರಲಿಲ್ಲ. “ಲೇ, ಸಕ್ಕರೆ ಎಲ್ಲಿದೆ?” ಎಂದು ಕೂಗಿದರು.

ಮೇಜಿನ ಕಡೆಯಿಂದ ಆ ತಣ್ಣನೆಯ ದನಿ ಬಂತು.

“ನಿಮ್ಮ ಮುಂದೆ ಮೂರು ಡಬ್ಬಗಳಿವೆ. ಮೂರೂ ಒಂದೇ ಥರ ಇವೆ. ಈಗ ನೀವೇನು ಮಾಡ್ತೀರಿ?”

ಅಷ್ಟು ವರ್ಷ ಬೇರೆಯವರಿಗೆ ಹಾಕಿದ ಪ್ರಶ್ನೆ ಅದು. ಕೇಳಿಸಿಕೊಂಡವನಿಗೆ ಅದರ ನಂತರದ ಹೊತ್ತು ಎಷ್ಟು ಉದ್ದವೆಂದು ಸೂತ್ರಧಾರರಿಗೆ ಈಗ ತಿಳಿಯಿತು.

“ದಾಳ ಕೊಡು” ಎಂದರು.

“ಸತ್ತವರಿಗೆ ದಾಳ ಇಲ್ಲ.”

ಸೂತ್ರಧಾರರು ಕಣ್ಣು ಮುಚ್ಚಿ ನಡುವಿನ ಡಬ್ಬ ತೆಗೆದರು. ಧಾರಾಳವಾಗಿ ಹಾಕಿ ಕಲಕಿ, ತಟ್ಟೆ ಹಿಡಿದುಕೊಂಡು ಬಂದರು. ಎಲ್ಲರೂ ಲೋಟ ಎತ್ತಿಕೊಂಡರು, ಯಾರೂ ತುಟಿಗೆ ಸೋಕಿಸಲಿಲ್ಲ. ಯಾವಾಗಲೂ ಹಿಂದೆಯೇ ನಿಲ್ಲುವ ವಿಮಾ ಏಜೆಂಟ್ ಅದೇನನ್ನಿಸಿತೋ, ಅಂದು ಮುಂದಾಗಿ ಒಂದು ಗುಟುಕು ನುಂಗಿದರು. ಲೋಟವನ್ನು ನಿಧಾನವಾಗಿ ಕೆಳಗಿಟ್ಟು, ತಮ್ಮ ವೀರನ ವಿವರ ಬರೆದ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.

“ಅತ್ತಿಗೆ, ನಾನೂ ಹೋದೆ” ಎಂದು ಹೇಳಿ, ಎದ್ದು ಅಡುಗೆಮನೆಗೆ ನಡೆದರು.