ಹಗುರ ಮೋಟಾರ್ ಸೈಕಲ್ಲಿನ ಹಲ್ಲು, ಗೊರಸು ಮತ್ತು ಜ್ವರ

ಗ್ರಾಮಾಂತರ ಹೆರಿಗೆ ಸಂಚಾರ ಶಾಖೆ, ಅಜ್ಜಂಪುರ
ಸಂಖ್ಯೆ: ಗ್ರಾಹೆಸಂ/ಎತ್ತು/೧೭/೧೯೬೪–೬೫
ದಿನಾಂಕ: ೮–೯–೧೯೬೪

ವಿಷಯ: ಕಾಡುದಾರಿಯ ಹಗುರ ಮೋಟಾರ್ ಸೈಕಲ್ಲನ್ನು ಎತ್ತುಗಳ ನಮೂನೆಯಲ್ಲಿ ದಾಖಲಿಸುವ ಬಗ್ಗೆ.

ಉಲ್ಲೇಖ: ಕಾವಲುಗಾರ ಕರಿಸಿದ್ದಪ್ಪನ ವರದಿ, ದಿ. ೬–೯–೧೯೬೪.

ಶನಿವಾರ ರಾತ್ರಿ ಕಳೆದು ಮೂರು ಗಂಟೆಗೆ, ಬೀಗ ಹಾಕಿದ ಕೊಟ್ಟಿಗೆಯೊಳಗಿಂದ ‘ಟಿಕ್, ಟಿಕ್’ ಎಂಬ ಸಣ್ಣ ಸದ್ದು ಕೇಳಿಬಂದಿರುವುದಾಗಿ ವರದಿಯಾಗಿದೆ. ಸದ್ದು ಪರೀಕ್ಷೆಗೆಂದು ಬಂದಿರುವ ಮೋಟಾರ್ ಸೈಕಲ್ಲಿನದು. ಎತ್ತಿನ ಗಾಡಿಯ ಬದಲಿಗೆ ಬಂದ ಈ ವಾಹನಕ್ಕೆ ಬೇರೆ ನಮೂನೆ ಮಂಜೂರಾಗದ ಕಾರಣ, ಎತ್ತುಗಳ ನಮೂನೆಯನ್ನೇ ತುಂಬಲು ಈ ಮೂಲಕ ಸೂಚಿಸಲಾಗಿದೆ. ವಾಹನವನ್ನು ಸವಾರ ಗಂಗಾಧರಯ್ಯನವರೇ ಓಡಿಸತಕ್ಕದ್ದು. ನರ್ಸ್ ಕಮಲಾಕ್ಷಮ್ಮನವರು ಹಿಂದೆ ಕೂರತಕ್ಕದ್ದು. ಬೇರೆ ಯಾರೇ ಓಡಿಸಿದ್ದು ಕಂಡುಬಂದಲ್ಲಿ ವಾಹನ ವಾಪಸು ಹೋಗುವುದು, ಗಾಡಿಯೇ ಗತಿಯಾಗುವುದು.

೧. ಹಲ್ಲು: ಎತ್ತಿಗೆ ಎಂಟು ಹಲ್ಲು ಬಂದರೆ ಬಾಯಿಗೂಡಿತು, ಅಂದರೆ ಪ್ರಾಯ ತುಂಬಿತೆಂದು ಬರೆಯುವ ಪದ್ಧತಿ. ಇದರ ಹಿಂದಿನ ಚೈನು ಕೂರುವ ಚಕ್ರವೊಂದರಲ್ಲೇ ಐವತ್ತೆರಡು ಹಲ್ಲುಗಳಿರುವುದರಿಂದ ‘ಮುದಿ’ ಎಂದು ನಮೂದಿಸಿ, ಹೊಸದೆಂಬ ರಸೀದಿ ಲಗತ್ತಿಸತಕ್ಕದ್ದು.

೨. ತೂಕ: ಇಬ್ಬರು ಹೊತ್ತು ಬೇಲಿ ದಾಟಿಸಬಹುದು. ಹಿಂದಿನ ಜೋಡಿ ಇದಕ್ಕೆ ಸಹಕರಿಸಿರಲಿಲ್ಲ.

೩. ಗೊರಸು: ಉಬ್ಬುಗಳಿರುವ ಟೈರು ಬುಕ್ಕಾಂಬುಧಿ ಕೆರೆ ಏರಿಯ ಕೆಸರಿನಲ್ಲೂ ಜಾರಿಲ್ಲ. ಆದಾಗ್ಯೂ ಲಾಳ ಕಟ್ಟುವ ಬೀರಯ್ಯನ ಹೇಳಿಕೆ ಪಡೆಯಲಾಗಿದೆ: “ಎತ್ತು ಕೆಡವಿದಂಗೆ ಇದನ್ನ ಕೆಡವಿದ್ರೆ ಪೆಟ್ರೋಲ್ ಚೆಲ್ತದೆ ಕಣ್ರೀ. ಲಾಳ ಎಲ್ಲಿಗ್ ಹೊಡೀಲಿ?” ಹೇಳಿಕೆ ಪರಿಶೀಲನೆಯಲ್ಲಿದೆ.

೪. ಬಾಲ: ಹಳ್ಳದ ನೀರು ನುಗ್ಗದಂತೆ ಸೈಲೆನ್ಸರನ್ನು ಎತ್ತರದಲ್ಲಿ ಕೂರಿಸಲಾಗಿದೆ. ಬಾಲ ಸದಾ ಎತ್ತಿದ ಸ್ಥಿತಿಯಲ್ಲೇ ಇರುವುದರಿಂದ, ಹಿಂದೆ ನಿಲ್ಲುವವರು ಸ್ವಂತ ಜವಾಬ್ದಾರಿಯ ಮೇಲೆ ನಿಲ್ಲತಕ್ಕದ್ದು.

೫. ಜ್ವರ: ಸದ್ದು ಕೇಳಿದ ಕರಿಸಿದ್ದಪ್ಪ ಬೀಗ ತೆಗೆದು ಮುಟ್ಟಿ ನೋಡಲಾಗಿ ಮೈ ಸುಡುತ್ತಿತ್ತು. ಗಂಗಾಧರಯ್ಯನವರು ಆ ರಾತ್ರಿ ತರೀಕೆರೆಯ ನೆಂಟರ ಮನೆಯಲ್ಲಿದ್ದರು. ವಾಹನ ಓಡಿಲ್ಲವೆಂದು ದಾಖಲೆ ಇರುವುದರಿಂದ, ಬಿಸಿಯನ್ನು ಜ್ವರವೆಂದೇ ಪರಿಗಣಿಸಿ ಮೂರು ದಿನ ನೆರಳಿನಲ್ಲಿ ಕಟ್ಟತಕ್ಕದ್ದು. ಹುರುಳಿ ಬೇಯಿಸುವ ಅಗತ್ಯವಿಲ್ಲ.

(ಸಹಿ) ಮಲ್ಲಿಕಾಂಬ
ಮೇಲ್ವಿಚಾರಕಿ

ಪ್ರತಿಗಳು:
೧. ಗಂಗಾಧರಯ್ಯನವರಿಗೆ, ಪಾಲನೆಗಾಗಿ.
೨. ಕಮಲಾಕ್ಷಮ್ಮನವರಿಗೆ, ಮಾಹಿತಿಗಾಗಿ.
೩. ಬೀರಯ್ಯನಿಗೆ, ಯಾರಾದರೂ ಓದಿ ಹೇಳತಕ್ಕದ್ದು.
೪. ಹಳೆಯ ಎತ್ತುಗಳಿಗೆ, ಗೋದಲಿಯ ಮೇಲೆ ಅಂಟಿಸುವುದು.
೫. ಕಚೇರಿ ಪ್ರತಿ. ಈ ಪ್ರತಿಗೆ ಮಾತ್ರ ಟಿಪ್ಪಣಿ: ಶನಿವಾರ ನಡುರಾತ್ರಿ ಯಗಟಿಯ ಈರಕ್ಕನಿಗೆ ಹೆಣ್ಣು ಮಗುವಾಗಿದೆ; ಮಗು ಅಡ್ಡ ತಿರುಗಿತ್ತು. ಗಾಡಿಯಲ್ಲಿ ಹೋಗಿದ್ದರೆ ತಲುಪುವಾಗ ಬೆಳಗಾಗುತ್ತಿತ್ತು. ಭಾನುವಾರ ಕಮಲಾಕ್ಷಮ್ಮನವರ ಸೀರೆಯಂಚಿನಲ್ಲಿ ಚೈನಿನ ಎಣ್ಣೆಯ ಕಲೆ ಕಂಡೆ. ಕೇಳಲಿಲ್ಲ. ಯಾರಿಗೂ ಹೇಳುವುದೂ ಇಲ್ಲ. ಈ ಪ್ರತಿ ಇಡುವ ಬೀರುವಿನ ಬೀಗದ ಕೈ ನನ್ನ ಹತ್ತಿರವೇ ಇದೆ.