ಸಿದ್ದರಾಮೇಶ ಮಾಸ್ತರರು ಬಾದಶಹನ ಸೀರೆ ನೇಯಿಸಿದ್ದು

ನಾರಾಯಣಪೇಟೆಯ ಸಿದ್ದರಾಮೇಶ ಮಾಸ್ತರರಿಗೆ ಒಂದೇ ಕೊರಗು. ಇಂಗ್ಲಿಷ್ ಶಬ್ದಗಳ ಹುಟ್ಟು, ಕುಲ, ಗೋತ್ರವೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಕೇಳುವ ಕಿವಿ ಮಾತ್ರ ಊರಲ್ಲಿರಲಿಲ್ಲ. ನೌಕರಿಯಲ್ಲಿದ್ದಾಗ ಮಕ್ಕಳಾದರೂ ಕೇಳುತ್ತಿದ್ದವು (ಬಾಗಿಲಿಗೇ ಕುರ್ಚಿ ಹಾಕಿ ಕೂತರೆ ಪಾಪ, ಎಲ್ಲಿಗೆ ಹೋದಾವು?). ನಿವೃತ್ತಿಯ ಮೇಲೆ ಉಳಿದವಳು ಹೆಂಡತಿ ಚನ್ನವೀರಮ್ಮ. ಮಾಸ್ತರರು ಬಾಯಿ ತೆರೆದರೆ ಆಕೆ ರೊಟ್ಟಿ ಬಡಿಯುವ ಸದ್ದು ಜೋರು ಮಾಡುತ್ತಿದ್ದಳು.

ಅಂಥ ಚನ್ನವೀರಮ್ಮನಿಗೆ ಸೀರೆ ಬೇಕಾಯಿತು. ಗದ್ವಾಲದಲ್ಲಿ ಅಣ್ಣ ಅಯ್ಯಣ್ಣನ ಹೊಸ ಮನೆಯ ಗೃಹಪ್ರವೇಶ. ಹೋದ ಸಲದ ಮದುವೆಯಲ್ಲಿ ಅತ್ತಿಗೆ ಭಾಗ್ಯಜ್ಯೋತಿ ಆಕೆಯ ಸೆರಗು ಹಿಡಿದು ನೋಡಿ, "ಇಂಥಾದ್ದು ಎಲ್ಲಾರ ಹತ್ರಾನೂ ಐತಿ ಬಿಡವ್ವ" ಅಂದಿದ್ದಳು. ಆ ಮಾತು ಮುಳ್ಳಿನಂತೆ ಚುಚ್ಚಿ ಅಲ್ಲೇ ಉಳಿದಿತ್ತು.

"ನೋಡ್ರಿ, ನನ್ನ ಸೀರಿಯಂಥಾದ್ದು ಆ ಮನ್ಯಾಗ ಇನ್ನೊಬ್ಬಾಕಿ ಮೈಮ್ಯಾಲ ಕಾಣಬಾರ್ದು. ನರಸಯ್ಯನ ಮಗ್ಗಕ್ಕ ಹೋಗಿ ಹೇಳಿ ಬರ್ರಿ. ಹೇಳಿ ಬರ್ರಿ ಅಂದೀನಿ, ಪಾಠ ಮಾಡಿ ಬರ್ರಿ ಅಂದಿಲ್ಲ!"

ನರಸಯ್ಯ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. (ಓಡಿಹೋಗುವಂತಿರಲಿಲ್ಲ ಎಂಬುದು ಮಾಸ್ತರರ ಗಮನಕ್ಕೆ ಬಂತು.)

"ಚೆಕ್ಸು ಸಣ್ಣದಿಡಲಾ, ದೊಡ್ಡದಿಡಲಾ ಸಾರು?" ಎಂದು ಕೇಳಿದ, ಪಾಪ.

"ಚೆಕ್ ಅಂದ್ರ ಏನಂತ ತಿಳದಿ ನರಸಯ್ಯ? ಅದರ ಮೂಲ ಪಾರ್ಸಿ ಮಾತು, ಶಾ! ಅಂದ್ರ ಬಾದಶಹ! ಚದುರಂಗದಾಗ ರಾಜಗ ಕುತ್ತು ಬಂದಾಗ ಚೆಕ್ ಅಂತಾರಲ್ಲ, ಅದು ಅವನ ಹೆಸರ ಕೂಗಿದ್ದು. ರಾಜನ್ನ ತಡದ್ರು, ಅದಕ್ಕ ತಡಿಯೂದಕ್ಕೂ ಚೆಕ್ಕ ಆತು. ತಡದು ಪರೀಕ್ಷಾ ಮಾಡೂದಕ್ಕೂ ಚೆಕ್. ಚದುರಂಗದ ಮನಿ ಇದ್ದಂಗಿರೂ ಬಟ್ಟಿಗೂ ಚೆಕ್. ಬ್ಯಾಂಕಿನ ಚೆಕ್ಕೂ ಇದ ಖಾನ್ದಾನು! ನೀ ನೇಯೂದು ಸೀರಿ ಅಲ್ಲೋ ಮಾರಾಯ, ಬಾದಶಹನ ಹೆಸರು!"

"ಅಬ್ಬೋ! ಇನ್ನೊಂದ್ಸಲ ಹೇಳ್ರಿ ಸಾರು" ಎಂದ ನರಸಯ್ಯ.

ಇನ್ನೊಂದ್ಸಲ! ಮಾಸ್ತರರ ಕಣ್ಣು ತೇವವಾದವು. ಆನಂದದ ಭರದಲ್ಲಿ ಚದುರಂಗದ ಮನೆಯಷ್ಟು ದೊಡ್ಡ ಚೌಕಗಳಿಗೆ ಅಪ್ಪಣೆಯಾಯಿತು. "ಆದ್ರ ಸಾರು, ಮಗ್ಗಕ್ಕ ಹಾಸಿನ ನೂಲು ಒಮ್ಮೆ ಹೂಡಿದ್ರ ಒಂದೇ ನಮೂನೆ ಎಂಟು ಸೀರೆ ಬರ್ತಾವ. ಮಿಕ್ಕ ಏಳು ಅಂಗಡಿಗೆ ಹಾಕಲಾ?" ಎಂದು ನರಸಯ್ಯ ಕೇಳಿದ್ದಕ್ಕೆ, "ಹಾಕು, ಹಾಕು. ಕಥಿ ಕೇಳು ಮೊದ್ಲು" ಅಂದುಬಿಟ್ಟರು. ನೇಕಾರರ ಊರಾದ ನಾರಾಯಣಪೇಟೆಯಲ್ಲಿ ಹುಟ್ಟಿ ಬೆಳೆದವರು ಆಡುವ ಮಾತೇ ಇದು!

ಗೃಹಪ್ರವೇಶದ ದಿನ ಮಕ್ತಲದಲ್ಲಿ ಬಸ್ಸು ಬದಲಿಸುವಾಗ ಕಂಡವರೆಲ್ಲ ಚನ್ನವೀರಮ್ಮನ ಹೊಸ ಸೀರೆಯ ಸೆರಗು ಮುಟ್ಟಿ ನೋಡಿದರು. ಗದ್ವಾಲ ಮುಟ್ಟುವ ತನಕ ಆಕೆ ಗಂಡನೊಂದಿಗೆ ನಗುತ್ತ ಮಾತಾಡಿದಳು. ಅಣ್ಣನ ಮನೆಯ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ಭಾಗ್ಯಜ್ಯೋತಿ ಉಟ್ಟಿದ್ದೂ ಅದೇ ಸೀರೆ. ಆಕೆಯ ಹಿಂದೆ ತಂಗಿಯರು, ಸೊಸೆಯಂದಿರು, ಎಲ್ಲರದೂ ಅದೇ ಸೀರೆ!

"ಅಯ್ಯ, ನೀನೂ ತಗೊಂಡ್ಯಾ? ಅಂಗಡ್ಯಾಂವ ಹೇಳಿದ ನೋಡವ್ವ, ಇದು ಬಾದಶಹನ ಹೆಸರಿಂದಂತ. ಯಾರೋ ದೊಡ್ಡ ಪಂಡಿತರು ನೇಕಾರಗ ಹೇಳ್ಯಾರಂತ. ಕಥಿ ಕೇಳಿ ಏಳಕ್ಕೇಳೂ ತಗೊಂಬಿಟ್ವಿ!"

ತಮ್ಮ ವಿದ್ಯೆಯಿಂದ ಏಳು ಸೀರೆ ಮಾರಾಟವಾದದ್ದು ಕೇಳಿ ಮಾಸ್ತರರ ಎದೆ ಉಬ್ಬಿತು. ಹೆಂಡತಿಯ ಮುಖ ನೋಡಿದ ಮೇಲೆ ಇಳಿಯಿತು. ಚನ್ನವೀರಮ್ಮ ತುಟಿ ಕಚ್ಚಿಕೊಂಡು ಒಳಗೆ ಹೋದಳು. ಆಕೆ ಬೈದಿದ್ದರೆ ಮಾಸ್ತರರಿಗೆ ಸಮಾಧಾನವಾಗುತ್ತಿತ್ತು, ಬೈಯಲಿಲ್ಲ.

ಊಟಕ್ಕೆ ಮುಂಚೆ ರಮಿಸಿಬಿಡೋಣವೆಂದು ಅಡುಗೆಮನೆಗೆ ನುಸುಳಿದರು. ಒಲೆಯ ಮುಂದೆ ಚೌಕುಳಿ ಸೀರೆಯ ಬೆನ್ನು ಕಂಡಿತು. ಹತ್ತಿರ ಹೋಗಿ ಪಿಸುಗುಟ್ಟಿದರು: "ಚನ್ನೀ, ಸಿಟ್ಟು ಬಿಡು. ಸೀರಿ ಒಂದ ಆದ್ರೇನು, ಉಟ್ಟಾಕಿ ಬ್ಯಾರೆ ಅಲ್ಲೇನು? ನಿನ್ನ ಮೈಮ್ಯಾಲ ಅದು ರಾಣಿ ಸೀರಿ. ನಿಮ್ಮ ಅತ್ತಿಗಿ ಉಟ್ರ ಗಾದಿಗೆ ಚಾದರ ಹೊದಿಸಿದಂಗ ಐತಿ."

ಬೆನ್ನು ತಿರುಗಿತು. ತುಪ್ಪದ ಸೌಟು ಹಿಡಿದ ಭಾಗ್ಯಜ್ಯೋತಿ!

"ಅಕ್ಕಾರ... ನಾ..." ಎಂದು ಹಿಂದೆ ಸರಿದರೆ ಅಲ್ಲಿ ಚನ್ನವೀರಮ್ಮ, ಹೋಳಿಗೆಯ ಬುಟ್ಟಿ ಹೊತ್ತು ನಿಂತಿದ್ದಾಳೆ. ಹೆಂಡತಿ ಕೈಬಿಡಲಾರಳೆಂದು ಮಾಸ್ತರರು ಆಸೆಯಿಂದ ನೋಡಿದರು.

"ಕೇಳಿದ್ರೇನು ಅತ್ತಿಗಿ? ಇಷ್ಟು ವರ್ಷ ನಾ ಹೆಂಗ ಬಾಳ್ವಿ ಮಾಡೀನಿ, ಈಗರ ತಿಳೀತೇನು?"

"ತಿಳೀತು ತಾಯಿ, ತಿಳೀತು" ಎಂದು ಭಾಗ್ಯಜ್ಯೋತಿ ಆಕೆಯನ್ನು ತಬ್ಬಿಕೊಂಡಳು. ಅತ್ತಿಗೆ ನಾದಿನಿ ಅಷ್ಟು ಅಕ್ಕರೆಯಿಂದ ಇದ್ದದ್ದನ್ನು ಮನೆಯವರು ಅದೇ ಮೊದಲು ಕಂಡದ್ದು.

ಪಂಕ್ತಿಯಲ್ಲಿ ಹೋಳಿಗೆ ಬಂತು. ಮಾಸ್ತರರ ಎಲೆಯನ್ನು ದಾಟಿ ಮುಂದಕ್ಕೆ ಹೋಯಿತು. ಎರಡನೆಯ ಸಲವೂ ಹಾಗೇ ಹೋಯಿತು. ಬಡಿಸುವವರದೆಲ್ಲ ಒಂದೇ ಸೀರೆ. ಅಂಚುಗಳಷ್ಟೇ ಕಣ್ಣ ಮುಂದೆ ಸುಳಿಯುತ್ತಿದ್ದವು. ಇದರಲ್ಲಿ ಹೆಂಡತಿ ಯಾರು, ಅತ್ತಿಗೆ ಯಾರು ಎಂದು ತಲೆಯೆತ್ತಿ ನೋಡುವ ಧೈರ್ಯವಾಗದೆ, ಮಾಸ್ತರರು ಬರೀ ಅನ್ನ ಸಾರು ಕಲಸಿಕೊಂಡು ಉಂಡರು.